ಉಸಿರಿಲ್ಲದ ಶ್ರುತಿ

ನಮ್ಮ ಊರಿನ ರೇಡಿಯೋದಲ್ಲಿ ಹಾಡು ಬರುವುದಿಲ್ಲ, ಸುದ್ದಿ ಬರುವುದಿಲ್ಲ, ಪೇಟೆಯ ಧಾರಣೆಯೂ ಬರುವುದಿಲ್ಲ. ಬರುವುದು ಶ್ರುತಿ ಒಂದೇ. ಗುಡ್ಡದ ಮೇಲಿನ ಮನೆಯಲ್ಲಿ ಹೆಂಗಸರು ಸರದಿಯ ಮೇಲೆ ಕೂತು ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಾರೆ. ಆ ಸದ್ದು ಹಗಲೂ ರಾತ್ರಿ ಊರಿನ ಎಲ್ಲ ರೇಡಿಯೋಗಳಲ್ಲೂ ಹರಿಯುತ್ತಿರುತ್ತದೆ. ಅದು ಇರುವವರೆಗೆ ನಾವು ಒಲೆ ಹಚ್ಚುತ್ತೇವೆ, ಬಟ್ಟೆ ಒಗೆಯುತ್ತೇವೆ, ಜಗಳವಾಡುತ್ತೇವೆ, ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೊಡುತ್ತೇವೆ. ಅದು ನಿಂತರೆ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಒಳಗೆ ಸೇರುತ್ತೇವೆ. ಗುಡ್ಡದ ಮೇಲಿನವರಿಗೆ ಒಣಗಿದ ಕೆರೆ ಪೂರ್ತಿ ಕಾಣುತ್ತದೆ. ಬಿಳಿ ಎದ್ದಿತೆಂದರೆ ಅವರು ತಿದಿಯಿಂದ ಕೈ ತೆಗೆಯುತ್ತಾರೆ.

ಈ ಊರಿಗೆ ಸೊಸೆಯಾಗಿ ಬಂದವರು ಮೊದಲು ಕೇಳುವುದೇ ಇದನ್ನು: ಅಪಾಯ ಬಂದಾಗ ಗಂಟೆ ಹೊಡೆಯುವ ಬದಲು ಸದ್ದು ನಿಲ್ಲಿಸುವುದೇಕೆ? ನಾನೂ ಕೇಳಿದ್ದೆ. ಗಂಟೆ ಹೊಡೆಯುವವನು ನಿದ್ದೆ ಹೋದರೆ, ಸತ್ತೇ ಹೋದರೆ, ತಂತಿ ಕಡಿದರೆ ನಮಗೆ ತಿಳಿಯುವುದು ಹೇಗೆ ಎಂದು ನನ್ನ ಅತ್ತೆ ತಿರುಗಿ ಕೇಳಿದ್ದರು. ಸದ್ದು ನಿಲ್ಲುವುದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಗುಡ್ಡದಲ್ಲಿ ಏನು ಕೆಟ್ಟರೂ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಒಂದೆರಡು ಸಲ ಸುಮ್ಮಸುಮ್ಮನೆ ಹಾಕಿಕೊಂಡರೂ ನಷ್ಟವಿಲ್ಲ. ಇದನ್ನು ಯೋಚಿಸಿದವರು ಬುದ್ಧಿವಂತರು ಅಂತ ನಾನು ಈಗಲೂ ಹೇಳುತ್ತೇನೆ. ಗುಡ್ಡ ಸುಮ್ಮನಾದ ಮೇಲೂ ರೇಡಿಯೋ ತನ್ನಷ್ಟಕ್ಕೆ ತಾನೇ ಶ್ರುತಿ ಹಿಡಿಯಬಹುದು ಎಂಬುದೊಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ?

ಬಿಳಿ ಎಂದರೇನೆಂದು ನನಗೆ ಗೊತ್ತಿಲ್ಲ. ಗೊತ್ತು ಅಂದವರನ್ನು ನಾನು ನಂಬುವುದೂ ಇಲ್ಲ. ಕೆರೆಯಂಗಳದಿಂದ ಏಳುತ್ತದೆ, ಬೀದಿಗಳಲ್ಲಿ ಹರಿಯುತ್ತದೆ, ಹೊತ್ತಾದ ಮೇಲೆ ಹಿಂದಿರುಗುತ್ತದೆ. ಹೊರಗೆ ಬಹಳ ಹೊತ್ತು ಸಿಕ್ಕಿಕೊಂಡವರ ಚಪ್ಪಲಿಗಳು ಆಮೇಲೆ ಸಿಗುತ್ತವೆ, ಮೂತಿ ಕೆರೆಯ ಕಡೆಗೆ. ಮನುಷ್ಯರು ಸಿಗುವುದಿಲ್ಲ. ಇನ್ನೊಂದು ಮಾತು. ಮುಚ್ಚಿದ ಬಾಗಿಲ ಹತ್ತಿರ ಬಂದರೆ ಅದು ಕರೆಯುತ್ತದೆ. ಒಳಗಿರುವವರಿಗೆ ಗೊತ್ತಿರುವ ದನಿಯಲ್ಲೇ ಕರೆಯುತ್ತದೆ. ಇದೇ ಊರಿಗೆ ಕೊಟ್ಟಿದ್ದ ನನ್ನ ತಂಗಿ ಹೋದದ್ದು ಹಾಗೆ. ಗಂಡ ಹೊರಗೆ ನಿಂತು ಕರೆದನೆಂದು ಎದ್ದು ಹೋಗಿ ಚಿಲಕ ತೆಗೆದಳು. ಗಂಡ ಅವಳ ಬೆನ್ನ ಹಿಂದೆ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ. ಲೋಟ ಎಸೆದು ಓಡಿ ಬಾಗಿಲು ತಳ್ಳಿದ್ದರಿಂದ ಅವನೂ ತೊಟ್ಟಿಲಲ್ಲಿದ್ದ ಕೂಸೂ ಉಳಿದರು. ಆಮೇಲೆ ಅವನು ಕೂಸನ್ನು ನನ್ನ ಮಡಿಲಿಗೆ ಹಾಕಿ ಊರು ಬಿಟ್ಟ. ಆ ಕೂಸೇ ರುದ್ರಾಣಿ. ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅವಳು ನನ್ನನ್ನು ದೊಡ್ಡಮ್ಮ ಎಂದೇ ಕರೆಯುತ್ತಾಳೆ, ನಾನೂ ಬೇರೆ ಏನೆಂದೂ ಕರೆಸಿಕೊಳ್ಳಲಿಲ್ಲ.

ನಮ್ಮ ಬೀದಿಯ ಮನೆಗಳೆಲ್ಲ ಹೆಂಚಿನವು, ಸಂದಿಗೊಂದಿ ಜಾಸ್ತಿ. ಅದಕ್ಕೇ ಬಿಳಿ ಎದ್ದಾಗ ಇಡೀ ಬೀದಿ ನನ್ನ ಗ್ಯಾರೇಜಿಗೆ ಬರುತ್ತದೆ. ನನ್ನ ಗಂಡ ಲಾರಿಗಳಿಗೆಂದು ಕಟ್ಟಿಸಿದ್ದು, ತಾರಸಿ ಹಾಕಿದ ಗಟ್ಟಿ ಕಟ್ಟಡ. ಅವರು ತೀರಿಕೊಂಡ ಮೇಲೆ ನಾನೇ ವ್ಯಾನು ಸ್ಕೂಟರು ನಿಲ್ಲಿಸಿಕೊಂಡು, ಬಾಡಿಗೆ ತೆಗೆದುಕೊಂಡು, ಬಾಗಿಲಿನ ಪಕ್ಕ ಕುರ್ಚಿ ಹಾಕಿಕೊಂಡು ಇರುತ್ತೇನೆ. ಬಾಗಿಲೆಂದರೆ ಉರುಳುವ ತಗಡಿನ ಶಟರು. ಕೆಳಗೆ ದಪ್ಪ ರಬ್ಬರು ಹೊಡೆದಿದೆ. ನೆಲ ಮುಟ್ಟಿದರೆ ಇರುವೆಯೂ ನುಸುಳುವುದಿಲ್ಲ.

ನನ್ನ ತಂಗಿಯ ಸಂಗತಿಯಾದ ಮೇಲೆ ಬೀದಿಯವರೆಲ್ಲ ಸೇರಿ ಒಂದು ಏರ್ಪಾಡು ಮಾಡಿದರು. ಒಳಗಡೆ ಶಟರು ಇಳಿಸುವ ಕೆಂಪು ಗುಂಡಿ ಇದೆ, ಏರಿಸುವ ಗುಂಡಿ ಇಲ್ಲ. ಕಿತ್ತು ಹಾಕಿಸಿದೆವು. ಬಿಳಿ ಇರುವಾಗ ಏರಿಸಬೇಕೆಂದರೆ ಹೊರಗಿನವರ ಕೈಯಲ್ಲಿರುವ ರಿಮೋಟಿನಿಂದ ಮಾತ್ರ. ಊರಾಚೆ ಹೋಗುವ ಡ್ರೈವರುಗಳ ಹತ್ತಿರ ಮಾತ್ರ ಅದು ಇರುತ್ತದೆ. ಎಲ್ಲ ಮುಗಿದು ಶ್ರುತಿ ತಿರುಗಿ ಬಂದ ಮೇಲೆ ನಾವು ಸರಪಳಿ ಎಳೆದು ಕೈಯಿಂದ ಏರಿಸಿಕೊಳ್ಳುತ್ತೇವೆ. ಆ ಸರಪಳಿಗೂ ಬೀಗ ಉಂಟು, ಕೀಲಿ ನನ್ನ ಹತ್ತಿರವಲ್ಲ, ಬೇರೆಯವರ ಹತ್ತಿರ. ಶ್ರುತಿ ಬರುವವರೆಗೆ ಅದು ಅವರ ಜೇಬಿನಿಂದ ಹೊರಗೆ ಬರುವುದಿಲ್ಲ. ಯಾರು ಕರೆದರೂ, ಎಷ್ಟು ಅತ್ತರೂ, ಆ ಕರೆಗೆ ಎದ್ದವರ ಕೈ ಬಾಗಿಲು ತೆಗೆಯಲಾರದು. ಬಿಳಿಗೆ ದನಿಯಿದೆ, ಬೆರಳಿಲ್ಲ. ಬಾಗಿಲು ತೆರೆಯಿತೆಂದರೆ ಹೊರಗಿರುವುದು ಮನುಷ್ಯರು ಎಂದೇ ಲೆಕ್ಕ. ಈ ಏರ್ಪಾಡಿನಿಂದ ನಾವು ನೆಮ್ಮದಿಯಾಗಿ ಬದುಕಿದ್ದೆವು.

ಸರಪಳಿಯ ಕೀಲಿ ಇದ್ದದ್ದು ಹಾಲಪ್ಪನ ಹತ್ತಿರ. ಅವನು ವರಸೆಯಲ್ಲಿ ನನಗೆ ಮೈದುನ, ಎದುರು ಮನೆ. ಯಾರ ಮನೆಯ ನಲ್ಲಿ ಸೋರಿದರೂ ಕರೆಯದೆ ಬರುವ ಮನುಷ್ಯ. ಗ್ಯಾರೇಜಿನಲ್ಲಿ ಮೊದಲು ಒಂದೇ ಒಂದು ಹಳದಿ ಬಲ್ಬಿತ್ತು. ಬಾಗಿಲು ಇಳಿದ ಮೇಲೆ ಅದರ ಬೆಳಕು ಮೂಲೆಗಳಿಗೆ ತಲುಪುತ್ತಿರಲಿಲ್ಲ. ಮಕ್ಕಳು ಅಳುತ್ತಿದ್ದವು, ದೊಡ್ಡವರು ಅಳುವುದಿಲ್ಲ ಅಷ್ಟೆ. ಪಕ್ಕದಲ್ಲಿ ಕೂತವರು ಯಾರೆಂದು ತಡವಿ ನೋಡಬೇಕು. ಬಿಳಿ ಒಳಗೆ ನುಸುಳಿದರೂ ಕಾಣುವುದಿಲ್ಲವಲ್ಲ ಎಂದು ಹೆಂಗಸರು ನೆಲ ನೋಡುತ್ತಲೇ ಇರುತ್ತಿದ್ದರು. ಹೀಗಿರುವಾಗ ಹೊರಗಿನ ವ್ಯಾಪಾರಿಯೊಬ್ಬ ಟೆಂಪೋದಲ್ಲಿ ಎಲ್ಇಡಿ ಕೊಳವೆಗಳನ್ನು ತಂದ. ಅಗ್ಗ, ಕರೆಂಟು ಕಮ್ಮಿ, ಹಾಲಿನಂಥ ಬೆಳಕು. ಬೇಡ ಎಂದವರು ಯಾರೂ ಇಲ್ಲ, ನಾನೂ ಅನ್ನಲಿಲ್ಲ. ಹಾಲಪ್ಪ ಏಣಿ ಹಾಕಿ ಸೂರಿನುದ್ದಕ್ಕೂ ಬಿಗಿದ. ಸ್ವಿಚ್ಚು ಒತ್ತಿದಾಗ ಗ್ಯಾರೇಜು ಮದುವೆ ಛತ್ರದ ಹಾಗೆ ಆಯಿತು. ಮೂಲೆಮನೆಯ ನಂಜಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಇಷ್ಟು ಬೆಳಕು ಮಾಡಿದ್ರೆ ನನ್ನ ಸುಕ್ಕೆಲ್ಲ ಲೆಕ್ಕಕ್ಕೆ ಸಿಗ್ತಾವಲ್ಲೋ ಹಾಲಪ್ಪ. ಇನ್ನ ನನಗೆ ಗಂಡು ಎಲ್ಲಿ ಹುಡುಕ್ತೀಯ?" ಅಂದಳು. ಎಲ್ಲರೂ ನಕ್ಕರು. ಆ ಗ್ಯಾರೇಜಿನಲ್ಲಿ ಜನ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ರೇಡಿಯೋ ನನ್ನ ಕುರ್ಚಿಯ ಮೇಲಿನ ಗೂಡಿನಲ್ಲಿರುತ್ತದೆ, ಸೆಲ್ಲಿನದು. ದೀಪ ಬಂದ ಮೇಲೆ ಅದರ ಶ್ರುತಿ ದಪ್ಪವಾಯಿತು. ಮೊದಲು ಗಾಳಿ ಬೀಸಿದರೆ ಕರಗಿದಂತಾಗಿ ಮತ್ತೆ ಬರುತ್ತಿದ್ದದ್ದು ಈಗ ಎಳೆದ ಹಗ್ಗದಂತೆ ಬಿಗಿಯಾಗಿ ನಿಂತಿತು. ಹಾಲಪ್ಪನಿಗೆ ಅದೂ ತನ್ನ ದೀಪದ ಮಹಿಮೆಯೇ. ಬೆಳಕು ಬಂದ ಮೇಲೆ ರೇಡಿಯೋಗೂ ಜೀವ ಬಂತು ಎಂದು ಬೀದಿಯಲ್ಲಿ ಹೇಳಿಕೊಂಡು ಬಂದ. ನಂಜಜ್ಜಿಗೆ ಮಾತ್ರ ಅದು ಸೇರಲಿಲ್ಲ. ಅವಳು ಸಂಜೆ ಹೊತ್ತು ನನ್ನ ಪಕ್ಕ ಕೂತು ಆ ಶ್ರುತಿಗೇ ತತ್ವಪದ ಹೇಳಿಕೊಳ್ಳುವವಳು. ಒಂದು ಸಂಜೆ ಅರ್ಧಕ್ಕೇ ನಿಲ್ಲಿಸಿಬಿಟ್ಟಳು. ಗಂಟಲು ಕೆಟ್ಟಿತೇ ಎಂದು ಕೇಳಿದೆ. "ನನ್ನ ಗಂಟಲಲ್ಲ ಕಣವ್ವ. ಮೊದಲು ಇದೂ ನನ್ನಂಗೆ ಉಸಿರು ಎಳಕೊತಿತ್ತು. ಈಗ ಎಳಕಳಲ್ಲ," ಅಂದಳು. ವಯಸ್ಸಾದವರು ಏನೋ ಹೇಳುತ್ತಾರೆ ಎಂದು ಹಾಲಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ರುದ್ರಾಣಿ ವ್ಯಾನು ಓಡಿಸುತ್ತಾಳೆ. ಕೆರೆಯಂಚಿನಲ್ಲಿ ಉಪ್ಪುಮಣ್ಣು ಕೆರೆಯುವ ಕೂಲಿಯವರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು ಅವಳ ಕೆಲಸ. ಬೇಡ, ಬೇರೆ ಯಾವುದಾದರೂ ದಾರಿಯಲ್ಲಿ ಓಡಿಸು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವಳು ಕೇಳಲಿಲ್ಲ. ತಾಯಿ ಹೋದ ಕಡೆಗೇ ದಿನವೂ ಹೋಗಿ ಬರುವುದರಲ್ಲಿ ಅವಳಿಗೆ ಏನೋ ಹಟವಿತ್ತು. ಮೊದಲೆಲ್ಲ ತಿರುವಿನ ಹೊಂಗೆಮರದ ಹತ್ತಿರವೇ ರಿಮೋಟು ಒತ್ತುತ್ತಿದ್ದಳು, ವ್ಯಾನು ಬಂದು ಮುಟ್ಟುವಷ್ಟರಲ್ಲಿ ಶಟರು ಮೇಲಿರುತ್ತಿತ್ತು. ಈಗ ಸಂಜೆ ಬಾಗಿಲಿನ ಮುಂದೆಯೇ ನಿಂತು ಒತ್ತಿ ಒತ್ತಿ ಸಾಕಾಗಿ, "ನಿನ್ನ ಬಾಗಿಲಿಗೂ ವಯಸ್ಸಾಯ್ತು ದೊಡ್ಡಮ್ಮ, ಕಿವಿ ಕೇಳಲ್ಲ," ಎಂದು ರೇಗಿಸುತ್ತಿದ್ದಳು. ಸೆಲ್ಲು ಮುಗಿದಿರಬೇಕೆಂದು ಹೊಸದು ಹಾಕಿದೆವು. ಬೆಳಿಗ್ಗೆ ಮರದ ಹತ್ತಿರ ನಿಂತು ಒತ್ತಿ ನೋಡಿದರೆ ಸರಿಯಾಗಿ ಏರುತ್ತಿತ್ತು, ಸಂಜೆ ಮತ್ತೆ ಅದೇ ಗೋಳು. ಬೆಳಿಗ್ಗೆ ನಾವು ದೀಪ ಹಾಕುವುದಿಲ್ಲ, ಸಂಜೆ ಹಾಕುತ್ತೇವೆ. ಇಷ್ಟನ್ನು ಎದುರಾಬದುರು ಇಟ್ಟು ನೋಡುವ ಯೋಚನೆ ಯಾರಿಗೂ ಬರಲಿಲ್ಲ. ದೀಪಕ್ಕೂ ಬಾಗಿಲಿಗೂ ಏನು ಸಂಬಂಧ?

ಆ ದಿನ ಮಧ್ಯಾಹ್ನವೇ ಮೋಡ ಕವಿದಿತ್ತು. ಹೆಂಗಸರು ಗ್ಯಾರೇಜಿನೊಳಗೆ ಚಾಪೆ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಕತ್ತಲೆಯೆಂದು ದೀಪ ಹಾಕಿದ್ದೆ. ಶಟರು ಮೇಲಿತ್ತು. ಹಾಲಪ್ಪ ಸ್ಕೂಟರಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ರೇಡಿಯೋ ತುಂಬುಗಂಟಲಿನಲ್ಲಿ ಹಾಡುತ್ತಿತ್ತು.

ಮೇಲಿನ ಬೀದಿಯಲ್ಲಿ ಶಟರು ಇಳಿದ ಸದ್ದಾಯಿತು. ರಿಪೇರಿ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಇಳಿಯಿತು, ಅದು ಗುಡಿಯ ಕಡೆಯದು. ಹೆಂಗಸರ ಕೈಗಳು ನಿಂತವು. ಎಲ್ಲರೂ ಗೂಡಿನ ಕಡೆ ನೋಡಿದರು. ಏನಾದರೂ ಅನುಮಾನ ಬಂದರೆ ನಾವು ಆಕಾಶ ನೋಡುವುದಿಲ್ಲ, ಬೀದಿ ನೋಡುವುದಿಲ್ಲ, ರೇಡಿಯೋ ನೋಡುತ್ತೇವೆ. ಅದು ಹಾಡುತ್ತಲೇ ಇತ್ತು. ಕೈಗಳು ಮತ್ತೆ ಕುಟ್ಟತೊಡಗಿದವು.

ನಾನು ಎದ್ದು ಹೊರಗೆ ಇಣುಕಿದೆ. ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಎದುರಿನ ಜಗಲಿಯಲ್ಲಿ ಯಾವಾಗಲೂ ಬಿದ್ದಿರುವ ನಾಯಿ ಇರಲಿಲ್ಲ. ಗಾಳಿಯಲ್ಲಿ ಒದ್ದೆ ಸುಣ್ಣದ ವಾಸನೆ ಇತ್ತು. ಆ ವಾಸನೆಯನ್ನು ನಾನು ಹಿಂದೆಂದೂ ಬಾಗಿಲು ತೆರೆದಿರುವಾಗ ಕಂಡವಳಲ್ಲ.

ಒಳಗೆ ಬಂದು ನಂಜಜ್ಜಿಯನ್ನು ಎಬ್ಬಿಸಿ ರೇಡಿಯೋದ ಹತ್ತಿರ ನಿಲ್ಲಿಸಿದೆ. ಇದು ಉಸಿರು ಎಳೆದುಕೊಳ್ಳುತ್ತಿದೆಯೇ ಎಂದು ಕೇಳಿದೆ. ಅವಳು ಕಿವಿಯನ್ನು ರೇಡಿಯೋಗೆ ಒತ್ತಿ ಕೇಳಿದಳು. ಆಮೇಲೆ ಮುಖ ತಿರುಗಿಸಿದಳು. "ಇಲ್ಲ ಕಣವ್ವ. ಇದ್ರ ಹಿಂದೆ ಯಾರೂ ಕೂತಿಲ್ಲ."

ನನಗೆ ಆಗ ಏನು ಹೊಳೆಯಿತೋ ಸರಿಯಾಗಿ ಹೇಳಲಾರೆ. ರೇಡಿಯೋ ಕೆಟ್ಟದ್ದು ಯಾವಾಗಿನಿಂದ ಎಂದು ಯೋಚಿಸಿದೆ, ಬಾಗಿಲು ಕೆಟ್ಟದ್ದು ಯಾವಾಗಿನಿಂದ ಎಂದು ಯೋಚಿಸಿದೆ. ಎರಡಕ್ಕೂ ಉತ್ತರ ಒಂದೇ ಆಯಿತು. ಹೋಗಿ ದೀಪದ ಸ್ವಿಚ್ಚು ಆರಿಸಿದೆ.

ರೇಡಿಯೋ ಸುಮ್ಮನಾಯಿತು. ಅದರ ಪುಟ್ಟ ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು, ಮುಳ್ಳು ತನ್ನ ಜಾಗದಲ್ಲೇ ಇತ್ತು. ಶ್ರುತಿ ಇರಲಿಲ್ಲ. ಗುಡ್ಡದವರು ಯಾವಾಗಲೋ ಕೈ ತೆಗೆದಿದ್ದರು. ಎಷ್ಟು ಹೊತ್ತಾಗಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯಾರೂ ಕೂಗಲಿಲ್ಲ. ನಮ್ಮ ಜನಕ್ಕೆ ಕೂಗುವ ಅಭ್ಯಾಸವಿಲ್ಲ. ಹೆಂಗಸರು ಹುಣಸೆಹಣ್ಣನ್ನು ತುಳಿದುಕೊಂಡೇ ಓಡಿ ಮನೆಗಳಿಂದ ಮಕ್ಕಳನ್ನು, ಮಲಗಿದ್ದವರನ್ನು ಎಳೆದುಕೊಂಡು ಬಂದರು. ಹಾಲಪ್ಪ ಮಂಚದ ಸಮೇತ ಒಬ್ಬ ಬಾಣಂತಿಯನ್ನು ಇನ್ನೊಬ್ಬನ ಜೊತೆ ಹೊತ್ತು ತಂದ. ನಾನು ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಬೀದಿಯ ತುದಿಯನ್ನೇ ನೋಡುತ್ತಿದ್ದೆ. ಹೊಂಗೆಮರದ ಆಚೆ ವ್ಯಾನು ಕಾಣಲಿಲ್ಲ. ಮರದ ಬುಡ ಕಾಣದಾಯಿತು. ಸುಣ್ಣದ ನೀರು ಚೆಲ್ಲಿದ ಹಾಗೆ ನೆಲದ ಮೇಲೆ ಏನೋ ನಿಧಾನವಾಗಿ ಬರುತ್ತಿತ್ತು.

ಕಾಯಬಾರದು. ಇದು ಬಾಗಿಲು ಕಾಯುವವರ ಮೊದಲ ಪಾಠ. ಒಬ್ಬರಿಗಾಗಿ ಕಾದರೆ ಬೀದಿಯೇ ಹೋಗುತ್ತದೆ. ನಾನು ಗುಂಡಿ ಒತ್ತಿದೆ. ಶಟರು ಇಳಿಯುತ್ತಾ ಇಳಿಯುತ್ತಾ ಬೀದಿಯನ್ನು ಸಣ್ಣದು ಮಾಡಿ, ಕೊನೆಗೆ ರಬ್ಬರು ನೆಲ ಮುಟ್ಟಿತು. ನನ್ನ ಕೈಯೇ ಒತ್ತಿದ್ದು. ಹೊರಗೆ ರುದ್ರಾಣಿ ಇದ್ದಳು, ಅವಳ ಜೊತೆ ಐದಾರು ಜನ ಕೂಲಿಯವರಿದ್ದರು. ರಿಮೋಟು ಅವಳ ಹತ್ತಿರ ಇದೆ, ಬಂದರೆ ತೆಗೆದುಕೊಳ್ಳುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಕತ್ತಲೆಯಲ್ಲಿ ಮಕ್ಕಳು ಅಳತೊಡಗಿದವು. ದೀಪ ಹಾಕಿ, ದೀಪ ಹಾಕಿ ಎಂದು ನಾಲ್ಕು ಕಡೆಯಿಂದ ಅಂದರು. ಯಾರೋ ಸ್ವಿಚ್ಚು ಒತ್ತಿಯೇಬಿಟ್ಟರು. ಛಾವಣಿಯೆಲ್ಲ ಬೆಳಗಿತು, ಅದರ ಬೆನ್ನಿಗೇ ರೇಡಿಯೋದಲ್ಲಿ ಶ್ರುತಿ ತುಂಬಿಕೊಂಡಿತು. ಹುಟ್ಟಿದಂದಿನಿಂದ ಆ ಸದ್ದಿಗೆ ಸಮಾಧಾನಗೊಂಡ ಜನ. ಎಲ್ಲರ ಭುಜಗಳೂ ತಾವಾಗಿಯೇ ಇಳಿದದ್ದನ್ನು ಕಣ್ಣಾರೆ ಕಂಡೆ. ಒಬ್ಬಳು, ಪಾಪ, ಕೂಸನ್ನು ಕಂಕುಳಿಗೆ ಏರಿಸಿಕೊಂಡು ಮನೆಗೆ ಹೊರಡಲು ಎದ್ದೇ ನಿಂತಳು. ಒಲೆಯ ಮೇಲೆ ಸಾರಿಟ್ಟು ಬಂದಿದ್ದೇನೆ ಅಂದಳು. ನಾನು ಕೈಯೆತ್ತಿ ರೇಡಿಯೋದ ಗುಂಡಿ ತಿರುಗಿಸಿ ಅದನ್ನು ಆರಿಸಿಬಿಟ್ಟೆ. ನಮ್ಮ ಊರಿನಲ್ಲಿ ರೇಡಿಯೋ ಆರಿಸಿದವರನ್ನು ನಾನು ಕಂಡಿರಲಿಲ್ಲ. ಜನ ನನ್ನನ್ನು ನೋಡಿದ ರೀತಿಗೆ ನನ್ನ ಕೈಯೇ ನನಗೆ ಪರಕೀಯವಾಯಿತು.

ಸದ್ದು ನಿಂತದ್ದರಿಂದ ಹೊರಗಿನದು ಕೇಳಿಸಿತು. ವ್ಯಾನು ಬರುತ್ತಿತ್ತು. ಅದರ ಹಿಂಬಾಗಿಲಿನ ಸಡಿಲ ಕೊಂಡಿ ಬಡಿದುಕೊಳ್ಳುವ ಸದ್ದು ನನಗೆ ನಿದ್ದೆಯಲ್ಲೂ ಗೊತ್ತು. ಬಾಗಿಲಿನ ಮುಂದೆ ಬಂದು ನಿಂತಿತು. ಇಂಜಿನ್ನು ಆರಿತು. ಈಗ ಒತ್ತುತ್ತಾಳೆ, ಈಗ ಒತ್ತುತ್ತಾಳೆ ಎಂದು ನಾನು ಮೋಟರಿನ ಕಡೆಯೇ ಕಣ್ಣಿಟ್ಟೆ. ಮೋಟರು ಮಿಸುಕಲಿಲ್ಲ. ತಗಡಿನ ಆಚೆ ಕಾಲುಗಳು ಸರಿದಾಡಿದವು. ಆಮೇಲೆ ಅದೂ ನಿಂತಿತು.

"ದೊಡ್ಡಮ್ಮಾ, ತೆಗಿ."

ರುದ್ರಾಣಿಯ ದನಿ. ಸಣ್ಣವಳಿದ್ದಾಗ ಜ್ವರದಲ್ಲಿ ನೀರು ಕೇಳುತ್ತಿದ್ದ ಹಾಗೆ, ಮೆತ್ತಗೆ.

ನಾನು ದೀಪದ ಸ್ವಿಚ್ಚಿನ ಕಡೆ ಹೊರಟೆ. ಹಾಲಪ್ಪ ಅಡ್ಡ ನಿಂತ. ಅವನ ಕೈ ಗಟ್ಟಿಯಾಗಿ ಸ್ವಿಚ್ಚನ್ನು ಮುಚ್ಚಿತ್ತು.

"ಅತ್ತಿಗೆ, ಕೂತ್ಕಳಿ. ಅದು ಅವಳಲ್ಲ."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವಳಾಗಿದ್ದರೆ ರಿಮೋಟು ಒತ್ತುತ್ತಿದ್ದಳು, ಒತ್ತಿದ್ದರೆ ಬಾಗಿಲು ಏರುತ್ತಿತ್ತು. ಏರಲಿಲ್ಲ, ಬದಲಿಗೆ ದನಿ ಕರೆಯಿತು. ಇಂಥದ್ದಕ್ಕೇ ಅಲ್ಲವೇ ನಾವು ಒಳಗಿನ ಗುಂಡಿ ಕಿತ್ತು ಹಾಕಿದ್ದು, ಅದೂ ನಿಮ್ಮ ತಂಗಿಯ ಕಾರಣಕ್ಕೇ ಎಂದ. ವ್ಯಾನಿನ ಸದ್ದನ್ನೂ ಅದು ಕಲಿತಿರಬಹುದು ಎಂದ. ಹಿಂದೆ ಕೂತವರು ತಲೆಯಾಡಿಸಿದರು. ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡು, ತೆಗೀಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ ಅಂದಳು. ಅವಳ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಆ ಕೂಸು ಅಲ್ಲಿದ್ದಾಗ ನನ್ನ ಕೂಸು ಎಂದು ನಾನು ಹಟ ಹಿಡಿಯುವುದು ಹೇಗೆ?

"ದೊಡ್ಡಮ್ಮಾ," ಎಂದಿತು ಹೊರಗಿನ ದನಿ ಮತ್ತೆ.

ಹೊರಗೆ ಯಾರೆಂದು ನನಗೂ ಗೊತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಮಾತಾಡಿದೆ. ಹಾಲಪ್ಪನ ಮುಂದೆ ಕೂಗಾಡಿ ಪ್ರಯೋಜನವಿಲ್ಲ. ಹೆದರಿದವರನ್ನು ನೂಕಿದರೆ ಇನ್ನೂ ಗಟ್ಟಿಯಾಗುತ್ತಾರೆ. ಅವನ ಪಕ್ಕಕ್ಕೆ ಹೋಗಿ, ಗೋಡೆಗೆ ಒರಗಿ, ನಲ್ಲಿ ರಿಪೇರಿಯ ವಿಷಯ ಮಾತಾಡುವ ಹಾಗೆ ಹೇಳಿದೆ.

"ನಿನ್ನ ಕೀಲಿ ನಾನು ಕೇಳಲ್ಲ ಹಾಲಪ್ಪ. ಬಾಗಿಲು ತೆಗಿ ಅನ್ನಲ್ಲ. ದೀಪ ಒಂದು ಆರಿಸು. ಈ ದೀಪ ರೇಡಿಯೋಗೆ ಸುಳ್ಳು ಹೇಳಿದ್ದ ನೀನೇ ಕಂಡೆ. ಬಾಗಿಲಿಗೂ ಅವಳ ರಿಮೋಟಿನ ಮಾತು ಕೇಳಿಸದಂಗೆ ಇದೇ ಅರಚ್ತಾ ಐತೆ. ಆರಿಸಿದ ಮ್ಯಾಲೆ ಅವಳಾಗಿದ್ರೆ ಬಾಗಿಲು ಏರ್ತದೆ. ಬಿಳಿ ಆಗಿದ್ರೆ ಅದಕ್ಕೆ ಬೆರಳಿಲ್ಲ, ಎಷ್ಟು ಕತ್ತಲಾದ್ರೂ ಏರಲ್ಲ. ನಮ್ಮ ರೂಲ್ಸು ಹಂಗೇ ಇರ್ತದೆ. ನಾವು ಕತ್ತಲಲ್ಲಿ ಕೂರಬೇಕು, ಅಷ್ಟೇ."

ಅವನು ನೆಲ ನೋಡಿದ. ಕತ್ತಲೆಯೆಂದರೆ ಅವನಿಗೂ ಭಯ. ಅದಕ್ಕೇ ಅಲ್ಲವೇ ಅಷ್ಟು ದೀಪ ತಂದದ್ದು. "ಏರಿದ್ರೆ, ಅವಳ ಜೊತೆಗೆ ಅದೂ ನುಗ್ಗಿದ್ರೆ?" ಎಂದ. ಕೆಂಪು ಗುಂಡಿಯ ಹತ್ತಿರ ನಾನಿರುತ್ತೇನೆ, ಮೊದಲು ಬಿಳಿ ಮುಟ್ಟುವುದು ನನ್ನನ್ನೇ ಅಂದೆ. ನಂಜಜ್ಜಿ ಮೂಲೆಯಿಂದಲೇ, ಆರಿಸೋ ಮಗ, ನನ್ನ ಸುಕ್ಕು ಯಾರೂ ನೋಡಾದು ಬ್ಯಾಡ ಅಂದಳು. ಯಾರೂ ನಗಲಿಲ್ಲ. ಹಾಲಪ್ಪ ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಒತ್ತಿದ.

ಅಷ್ಟು ಬೆಳಕಿನಿಂದ ಒಮ್ಮೆಲೇ ಕತ್ತಲೆಗೆ ಬಿದ್ದರೆ ಕಣ್ಣಿದ್ದೂ ಇಲ್ಲದ ಹಾಗೆ. ಒಂದು ಕೈಯಲ್ಲಿ ಕೆಂಪು ಗುಂಡಿ ಹುಡುಕಿ ಬೆರಳಿಟ್ಟೆ, ಇನ್ನೊಂದು ಕೈಯನ್ನು ತಗಡಿಗೆ ಒತ್ತಿದೆ. ತಗಡು ಮಂಜುಗಡ್ಡೆಯಾಗಿತ್ತು. ಹೊರಗಿನ ದನಿ ನಿಂತಿತ್ತು. ಏನೂ ಆಗಲಿಲ್ಲ. ಹಿಂದೆ ಯಾರೋ ಬಿಕ್ಕಿದರು. ಒತ್ತಿ ಒತ್ತಿ ಅವಳು ಕೈಬಿಟ್ಟಿರಬಹುದು, ರಿಮೋಟು ಎಸೆದಿರಬಹುದು, ಕೆರೆಯ ಕಡೆ ನಡೆಯತೊಡಗಿರಬಹುದು ಎಂದೆಲ್ಲ ಅನ್ನಿಸಿತು. ಇನ್ನೊಂದು ಸಲ ಒತ್ತು ಮಗಳೇ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಮೋಟರು ನರಳಿತು.

ಶಟರು ಮಂಡಿಯೆತ್ತರ ಏರಿದ್ದೇ ತಡ, ಕೆಳಗಿನಿಂದ ನುಸುಳತೊಡಗಿದರು. ಸಂದಿನ ಆಚೆ ಬೀದಿ ಇರಲಿಲ್ಲ, ಬರೀ ಬಿಳುಪು. ಅದರ ಅಂಚು ನನ್ನ ಕಾಲ್ಬೆರಳಿಗೆ ತಾಗಿ ಬೆರಳುಗಳು ಮರಗಟ್ಟಿದವು. ಬಂದ ಒಬ್ಬೊಬ್ಬರ ತಲೆಯನ್ನೂ ಮುಟ್ಟಿದೆ. ಮಣ್ಣು ಅಂಟಿದ ಕೂದಲು, ಬೆವರಿದ ಕತ್ತು, ಸುತ್ತಿದ ಟವೆಲು. ಜೀವ ಇರುವ ತಲೆ ಬಿಸಿ ಇರುತ್ತದೆ. ಕೊನೆಯಲ್ಲಿ ಬಂದ ತಲೆಯ ಜಡೆ ನಾನೇ ಬೆಳಿಗ್ಗೆ ಹೆಣೆದದ್ದು. ಗುಂಡಿ ಒತ್ತಿದೆ. ರಬ್ಬರು ನೆಲ ಮುಟ್ಟುವವರೆಗೆ ಅವಳನ್ನು ನನ್ನ ಬೆನ್ನ ಹಿಂದೆ ತಳ್ಳಿಕೊಂಡು ನಿಂತಿದ್ದೆ.

ಆಮೇಲೆ ಇಬ್ಬರೂ ಅಲ್ಲೇ ಹುಣಸೆಬೀಜಗಳ ಮೇಲೆ ಕೂತೆವು. ಕೂಲಿಯವರನ್ನು ಹೆಂಗಸರು ಸೆರಗಿನಿಂದ ಉಜ್ಜುತ್ತಿದ್ದರು. ದೀಪ ಹಾಕಿ ಎಂದು ಈಗ ಯಾರೂ ಕೇಳಲಿಲ್ಲ. ತಡವಿಕೊಂಡು ರೇಡಿಯೋದ ಗುಂಡಿ ತಿರುಗಿಸಿದೆ. ಕೆಂಪು ಚುಕ್ಕೆ ಹೊತ್ತಿತು, ಸದ್ದು ಬರಲಿಲ್ಲ. ಗುಡ್ಡ ಇನ್ನೂ ಸುಮ್ಮನಿತ್ತು. ಇನ್ನು ನಾವು ಕಾಯಬೇಕಾಗಿದ್ದದ್ದು ಆ ಹೆಂಗಸರು ಮತ್ತೆ ತಿದಿಯ ಮೇಲೆ ಕೈ ಇಡುವುದನ್ನು.

ಹಾಲಪ್ಪ ಹತ್ತಿರ ತೆವಳಿ ಬಂದು ರುದ್ರಾಣಿಯ ತಲೆ ಸವರಿದ. ಅವನು ಅಳುತ್ತಿದ್ದ. ನೀನು ಕರೆದಾಗ ತೆಗೆಯಲಿಲ್ಲ, ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ ಮಗಳೇ ಅಂದ.

ರುದ್ರಾಣಿಯ ಹಲ್ಲು ಕಟಕಟ ಅನ್ನುತ್ತಿದ್ದವು. ಹೆಬ್ಬೆರಳು ರಿಮೋಟಿನ ಮೇಲೆ ಹಾಗೇ ಸೆಟೆದುಕೊಂಡಿತ್ತು, ನಾನು ನಿಧಾನವಾಗಿ ಬಿಡಿಸುತ್ತಿದ್ದೆ.

"ನಾನು ಕರೀಲಿಲ್ಲ ಚಿಕ್ಕಪ್ಪ. ಬಾಯೇ ಬಿಡಲಿಲ್ಲ. ಇವರಿಗೂ ಬಾಯಿ ಬಿಡೋಕೆ ಬಿಡಲಿಲ್ಲ. ಒತ್ತುತಾ ಇದ್ದೆ, ಅಷ್ಟೇ. ಕರೆದಿದ್ದು ನನ್ನ ಪಕ್ಕ ನಿಂತಿತ್ತು."

ಹಾಲಪ್ಪನ ಕೈ ಅವಳ ತಲೆಯ ಮೇಲೆ ನಿಂತುಹೋಯಿತು. ಅವನು ಹೇಳಿದ್ದೂ ಸರಿಯಾಗಿತ್ತು, ನಾನು ಹೇಳಿದ್ದೂ ಸರಿಯಾಗಿತ್ತು. ಎರಡೂ ಬಾಗಿಲಿನ ಆಚೆ ಒಂದೇ ಕಡೆ ನಿಂತಿದ್ದವು, ಒಂದರ ಭುಜಕ್ಕೆ ಇನ್ನೊಂದರ ಭುಜ ತಾಗುವಷ್ಟು ಹತ್ತಿರ. ಸುಮ್ಮನಿರು ಎಂದು ಅವಳ ಬೆನ್ನು ನೀವಿದೆ.

ತಗಡಿನ ಮೇಲೆ ಏನೋ ಸವರಿದ ಹಾಗಾಯಿತು.

"ರುದ್ರಾಣಿ," ಎಂದಿತು ಹೊರಗಿನಿಂದ. "ರುದ್ರಾಣಿ, ಊಟಕ್ಕೆ ಬಾರೇ."

ನನ್ನ ದನಿ. ಇಷ್ಟು ವರ್ಷ ದಿನವೂ ಅವಳನ್ನು ಕರೆದ ದನಿ, ಕೊನೆಯ ಅಕ್ಷರವನ್ನು ನಾನು ಎಳೆಯುವ ಹಾಗೆಯೇ ಎಳೆದು. ನನ್ನ ಪಕ್ಕದಲ್ಲಿ ರುದ್ರಾಣಿ ಕಲ್ಲಾದಳು. ಆಮೇಲೆ ಅವಳ ಕೈ ಕತ್ತಲೆಯಲ್ಲಿ ನನ್ನ ಭುಜ ಹತ್ತಿತು, ಕುತ್ತಿಗೆ ಹತ್ತಿತು, ಗಲ್ಲ ಸವರಿ ನನ್ನ ತುಟಿಗಳನ್ನು ಹುಡುಕಿತು. ತುಟಿ ಮುಚ್ಚಿದ್ದವು. ಹೊರಗೆ ನಾನು ಮತ್ತೆ ಕರೆದೆ. ಅವಳು ಬೆರಳುಗಳನ್ನು ನನ್ನ ತುಟಿಯ ಮೇಲೆ ಒತ್ತಿ ಹಿಡಿದಳು. ಶ್ರುತಿ ಬರುವವರೆಗೂ ತೆಗೆಯಲಿಲ್ಲ.